ತಗ್ಗಿದ ಕಾರು ಮತ್ತು ತಗ್ಗದ ಮನಸ್ಸು

ಮನುಷ್ಯನಿಗೆ ತನ್ನ ಸೊತ್ತಿನ ಮೇಲೆ ಎಷ್ಟು ಅಧಿಕಾರವಿದೆ? ಬೆವರು ಸುರಿಸಿ ದುಡಿದ ಹಣದಿಂದ ಕೊಂಡ ವಸ್ತುವನ್ನು ತನಗೆ ಇಷ್ಟಬಂದಂತೆ ಮಾರ್ಪಡಿಸಲು ಅವನು ಯಾರ ಅಪ್ಪಣೆ ಪಡೆಯಬೇಕು? ಈ ಪ್ರಶ್ನೆ ಇಂದು ನಿನ್ನೆಯದಲ್ಲ. ಹೊಲದ ಬದು, ಮನೆಯ ಗೋಡೆ, ಬಾವಿಯ ನೀರು ಮುಂತಾದವುಗಳ ವಿಷಯದಲ್ಲಿ ನಮ್ಮ ಹಿರಿಯರು ಇದನ್ನು ಅನೇಕ ಸಲ ಚರ್ಚಿಸಿದ್ದಾರೆ. ಆದರೆ ಪ್ರತಿಯೊಂದು ಕಾಲವೂ ಈ ಪ್ರಶ್ನೆಯನ್ನು ತನ್ನದೇ ಆದ ವೇಷದಲ್ಲಿ ತಂದು ನಿಲ್ಲಿಸುತ್ತದೆ. ನಮ್ಮ ಕಾಲದ ಕೆಲವು ಯುವಕರ ಮುಂದೆ ಅದು ಒಂದು ಕಾರಿನ ರೂಪದಲ್ಲಿ ಬಂದಿದೆ.

ಎರಡು ಬಾಗಿಲಿನ, ಹಿಂದಕ್ಕೆ ಇಳಿಜಾರಾದ ಛಾವಣಿಯ, ಓಡಿಸುವ ಸಂತೋಷಕ್ಕಾಗಿಯೇ ರೂಪಿಸಲಾದ ಚಿಕ್ಕ ಕಾರನ್ನು ಸ್ಪೋರ್ಟ್ಸ್ ಕೂಪೆ ಎನ್ನುತ್ತಾರೆ. ಅಂತಹ ಕಾರನ್ನು ಕೊಂಡವರಲ್ಲಿ ಅನೇಕರು ಮೊದಲು ಮಾಡುವ ಕೆಲಸವೆಂದರೆ ಅದನ್ನು ನೆಲದ ಕಡೆಗೆ ಇನ್ನಷ್ಟು ತಗ್ಗಿಸುವುದು. ಕಂಪೆನಿ ಕೊಟ್ಟ ನಾಲ್ಕು ಸ್ಪ್ರಿಂಗ್‌ಗಳನ್ನು ಕಳಚಿ, ಬೇರೆ ತಯಾರಕರ ಗಿಡ್ಡವಾದ ಮತ್ತು ಬಿಗಿಯಾದ ಸ್ಪ್ರಿಂಗ್‌ಗಳನ್ನು ಹಾಕಿಸುತ್ತಾರೆ. ಕಾರು ಸಾಮಾನ್ಯವಾಗಿ 25ರಿಂದ 40 ಮಿಲಿಮೀಟರ್‌ಗಳಷ್ಟು ಕೆಳಗಿಳಿಯುತ್ತದೆ. ಚಕ್ರಕ್ಕೂ ಅದರ ಮೇಲಿನ ಕಮಾನಿಗೂ ನಡುವೆ ಇದ್ದ ಖಾಲಿ ಜಾಗ ಕಿರಿದಾಗಿ ಕಾರು ನೆಲಕ್ಕೆ ಅಂಟಿಕೊಂಡು ನಿಂತಂತೆ ಕಾಣುತ್ತದೆ. ಇಂತಹ ಸ್ಪ್ರಿಂಗ್‌ಗಳ ತಯಾರಿಕೆ ದೊಡ್ಡ ಉದ್ಯಮವಾಗಿ ಬೆಳೆದಿದೆ. ಜರ್ಮನಿಯಲ್ಲಿ 1951ರಲ್ಲಿ ಆರಂಭವಾದ ಐಬಾಖ್ ಕಂಪೆನಿಯ ಸ್ಪ್ರಿಂಗ್‌ಗಳು ಇಂದು ಲೋಕದಾದ್ಯಂತ ಮಾರಾಟವಾಗುತ್ತವೆ.

ಕಾರನ್ನು ಎರಡು ಬೆರಳಿನಷ್ಟು ತಗ್ಗಿಸುವುದರಲ್ಲಿ ನೀತಿ-ಅನೀತಿಯ ಪ್ರಶ್ನೆ ಎಲ್ಲಿಂದ ಬಂತು ಎಂದು ಕೆಲವರು ನಗಬಹುದು. ಆದರೆ ಮನುಷ್ಯನ ಸ್ವಭಾವ ದೊಡ್ಡ ವಿಷಯಗಳಲ್ಲಿ ಅಡಗಿಕೊಳ್ಳುತ್ತದೆ, ಚಿಕ್ಕ ವಿಷಯಗಳಲ್ಲಿ ಹೊರಬೀಳುತ್ತದೆ. ಆದುದರಿಂದ ಈ ಎರಡು ಬೆರಳಿನ ಅಳತೆಯೊಳಗೆ ಏನೇನಿದೆ ಎಂಬುದನ್ನು ಸಾವಧಾನವಾಗಿ ನೋಡೋಣ.

ಯುವಕನ ವಾದ

ಮೊದಲಿಗೆ ಕಾರನ್ನು ತಗ್ಗಿಸುವವನ ಮಾತನ್ನು ನ್ಯಾಯವಾಗಿ ಕೇಳಬೇಕು. ಅವನನ್ನು ಪೋಲಿ ಎಂದು ಮೂದಲಿಸಿ ಮಾತು ಮುಗಿಸುವುದು ಸುಲಭ, ಆದರೆ ಅದು ವಿಚಾರವಲ್ಲ.

ಅವನು ಹೇಳುವುದೇನೆಂದರೆ, ಕಂಪೆನಿ ನಿಗದಿಪಡಿಸಿದ ಎತ್ತರವೇನೂ ಪವಿತ್ರವಾದುದಲ್ಲ. ಇದು ನಿಜ. ಕಾರು ತಯಾರಕನು ಒಂದೇ ಕಾರನ್ನು ಹತ್ತಾರು ದೇಶಗಳಿಗೆ ಮಾರಬೇಕಾಗಿದೆ. ಹಿಮ ಬೀಳುವ ಊರು, ಹೊಂಡ ಬಿದ್ದ ರಸ್ತೆ, ಪೂರ್ತಿ ಸಾಮಾನು ತುಂಬಿದ ಡಿಕ್ಕಿ, ಅಜಾಗರೂಕ ಚಾಲಕ ಇವೆಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಂಡು ಅವನು ಎತ್ತರವನ್ನು ನಿರ್ಧರಿಸುತ್ತಾನೆ. ಅದೊಂದು ರಾಜಿ. ನುಣುಪಾದ ರಸ್ತೆಯಿರುವ ಊರಿನಲ್ಲಿ ಒಬ್ಬನೇ ಕುಳಿತು ಓಡಿಸುವವನಿಗೆ ಆ ರಾಜಿ ಅನಗತ್ಯವೆಂದು ತೋರಬಹುದು. ಅಷ್ಟೇ ಏಕೆ, ತಯಾರಕರೇ ಟೊಯೋಟಾದ ಟಿ.ಆರ್.ಡಿ., ಸುಬಾರುವಿನ ಎಸ್.ಟಿ.ಐ. ಮೊದಲಾದ ತಮ್ಮ ಕ್ರೀಡಾ ವಿಭಾಗಗಳ ಮೂಲಕ ತಗ್ಗಿಸುವ ಸ್ಪ್ರಿಂಗ್‌ಗಳನ್ನು ಮಾರಿದ್ದಾರೆ.

ಅವನ ಇನ್ನೊಂದು ಮಾತು, ತಗ್ಗಿದ ಕಾರು ತಿರುವುಗಳಲ್ಲಿ ಹೆಚ್ಚು ಸ್ಥಿರವಾಗಿರುತ್ತದೆ ಎಂಬುದು. ಇದರಲ್ಲಿಯೂ ಸತ್ಯವಿದೆ. ಕಾರು ತಿರುಗುವಾಗ ಒಳಬದಿಯ ಚಕ್ರಗಳ ಮೇಲಿನ ಭಾರದ ಒಂದಂಶ ಹೊರಬದಿಯ ಚಕ್ರಗಳ ಮೇಲೆ ಬೀಳುತ್ತದೆ. ಗುರುತ್ವಕೇಂದ್ರ ಎಷ್ಟು ಎತ್ತರದಲ್ಲಿದೆಯೋ ಅಷ್ಟು ಹೆಚ್ಚು ಭಾರ ವರ್ಗವಾಗುತ್ತದೆ. ಆದ್ದರಿಂದ ಗುರುತ್ವಕೇಂದ್ರ ಕೆಳಗಿಳಿದಷ್ಟೂ ನಾಲ್ಕು ಚಕ್ರಗಳು ಹೆಚ್ಚು ಸಮನಾಗಿ ನೆಲವನ್ನು ಹಿಡಿಯುತ್ತವೆ.

ಹಾಗಾದರೆ ಲಾಭ ಎಷ್ಟು? ಟೊಯೋಟಾ ಮತ್ತು ಸುಬಾರು ಕಂಪೆನಿಗಳು ಜೊತೆಗೂಡಿ 2012ರಲ್ಲಿ ಹೊರತಂದ 86 ಎಂಬ ಕೂಪೆಯನ್ನೇ ತೆಗೆದುಕೊಳ್ಳೋಣ. ಅದರ ತೂಕ ಸುಮಾರು 1240 ಕಿಲೋಗ್ರಾಂ, ಎಡ-ಬಲ ಚಕ್ರಗಳ ನಡುವಿನ ಅಂತರ ಸುಮಾರು ಒಂದೂವರೆ ಮೀಟರ್. ಗುರುತ್ವಕೇಂದ್ರದ ಎತ್ತರವನ್ನು ಲೆಕ್ಕದ ಸುಲಭಕ್ಕಾಗಿ ಅರ್ಧ ಮೀಟರ್ ಎಂದು ಇಟ್ಟುಕೊಳ್ಳೋಣ. ವೇಗವಾದ ತಿರುವಿನಲ್ಲಿ ಸುಮಾರು 330 ಕಿಲೋಗ್ರಾಂ ಭಾರ ಒಂದು ಬದಿಯಿಂದ ಇನ್ನೊಂದು ಬದಿಗೆ ವರ್ಗವಾಗುತ್ತದೆ. ಕಾರನ್ನು 3 ಸೆಂಟಿಮೀಟರ್ ತಗ್ಗಿಸಿದರೆ ಈ ಭಾರ ಕಡಿಮೆಯಾಗುವುದು ನೂರಕ್ಕೆ 6ರಷ್ಟು, ಅಂದರೆ ಸುಮಾರು 20 ಕಿಲೋಗ್ರಾಂ. ಚಕ್ರಗಳೂ ಬ್ರೇಕುಗಳೂ ಮೊದಲಿದ್ದ ಎತ್ತರದಲ್ಲೇ ಉಳಿಯುವುದರಿಂದ ನಿಜವಾದ ಲಾಭ ಇದಕ್ಕಿಂತಲೂ ಸ್ವಲ್ಪ ಕಡಿಮೆ. ಲಾಭ ಸುಳ್ಳಲ್ಲ, ಆದರೆ ಅದು ಚಿಕ್ಕದು. ಪೇಟೆಯ ರಸ್ತೆಯಲ್ಲಿ ಕಾನೂನಿನ ವೇಗದಲ್ಲಿ ಹೋಗುವವನ ಅನುಭವಕ್ಕೆ ಅದು ಬರುವುದೇ ಕಷ್ಟ.

ಒಂದನ್ನು ಮುಟ್ಟಿದವನು ಒಂದನ್ನೇ ಮುಟ್ಟಿರುವುದಿಲ್ಲ

ಇಲ್ಲಿಂದ ವಿಷಯ ಗಂಭೀರವಾಗುತ್ತದೆ. ಸ್ಪ್ರಿಂಗ್ ಎಂಬುದು ಕಾರಿನಲ್ಲಿ ಒಂಟಿಯಾಗಿ ಬದುಕುವ ವಸ್ತುವಲ್ಲ. ಅದರ ಸುತ್ತ ಒಂದು ಕುಟುಂಬವೇ ಇದೆ.

ಸ್ಪ್ರಿಂಗನ್ನು ಎಷ್ಟು ಒತ್ತಿದರೆ ಅದು ಅಷ್ಟೇ ಪ್ರಮಾಣದಲ್ಲಿ ತಿರುಗಿ ಒತ್ತುತ್ತದೆ ಎಂಬ ನಿಯಮವನ್ನು ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದನು. ಕಾರು ಹೊಂಡಕ್ಕೆ ಬಿದ್ದಾಗ ಚಕ್ರ ಮೇಲಕ್ಕೆ ನೆಗೆಯುತ್ತದೆ, ಸ್ಪ್ರಿಂಗ್ ಕುಗ್ಗಿ ಆ ಪೆಟ್ಟನ್ನು ನುಂಗುತ್ತದೆ. ನುಂಗಲು ಅದಕ್ಕೆ ಜಾಗ ಬೇಕು. ಚಕ್ರ ಮೇಲೇರಲು ಮೊದಲು 80 ಮಿಲಿಮೀಟರ್ ಜಾಗವಿತ್ತು ಎಂದುಕೊಳ್ಳಿ. ಕಾರನ್ನು 30 ಮಿಲಿಮೀಟರ್ ತಗ್ಗಿಸಿದಾಗ ಉಳಿಯುವುದು 50 ಮಾತ್ರ. ಅಷ್ಟರಲ್ಲೇ ಮೊದಲಿನ ಪೆಟ್ಟನ್ನು ನುಂಗಬೇಕಾದರೆ ಹುಕ್‌ನ ನಿಯಮದ ಪ್ರಕಾರ ಸ್ಪ್ರಿಂಗ್ ಎರಡೂವರೆ ಪಟ್ಟು ಬಿಗಿಯಾಗಿರಬೇಕು. ಅಷ್ಟು ಬಿಗಿಯಾದರೆ ಕಾರಿನಲ್ಲಿ ಕೂರಲು ಸಾಧ್ಯವಿಲ್ಲ. ಆದುದರಿಂದ ತಯಾರಕರು ಸಾಮಾನ್ಯವಾಗಿ ಅಷ್ಟು ಬಿಗಿಗೊಳಿಸುವುದಿಲ್ಲ. ಫಲವಾಗಿ ದೊಡ್ಡ ಹೊಂಡ ಬಂದಾಗ ಸ್ಪ್ರಿಂಗಿನ ಕೆಲಸ ಅರ್ಧದಲ್ಲೇ ಮುಗಿದು, ಕೊನೆಯಲ್ಲಿರುವ ರಬ್ಬರಿನ ತಡೆ ಆ ಪೆಟ್ಟನ್ನು ತಿನ್ನುತ್ತದೆ. ಅದು ಸಂಭವಿಸುವುದು ವೇಗದ ತಿರುವಿನ ನಡುವೆಯಾದರೆ ಚಕ್ರ ಹಠಾತ್ತನೆ ನೆಲದ ಹಿಡಿತ ಕಳೆದುಕೊಳ್ಳಬಹುದು. ಸ್ಥಿರತೆಗಾಗಿ ಮಾಡಿದ ಕೆಲಸವೇ ಸ್ಥಿರತೆಯನ್ನು ಕಸಿದುಕೊಳ್ಳುತ್ತದೆ!

ಇನ್ನು ಶಾಕ್ ಅಬ್ಸಾರ್ಬರ್. ಕುಗ್ಗಿದ ಸ್ಪ್ರಿಂಗ್ ಮತ್ತೆ ಮತ್ತೆ ಕುಣಿಯದಂತೆ ಹತೋಟಿಯಲ್ಲಿಡುವುದು ಅದರ ಕೆಲಸ. ಕಂಪೆನಿಯ ಶಾಕ್ ಅಬ್ಸಾರ್ಬರನ್ನು ಕಂಪೆನಿಯ ಸ್ಪ್ರಿಂಗಿಗೆ ಹೊಂದುವಂತೆ ಮಾಡಲಾಗಿದೆ. ಬಿಗಿಯಾದ ಸ್ಪ್ರಿಂಗನ್ನು ಅದರ ಜೊತೆ ಕಟ್ಟಿದರೆ, ಬಲಿಷ್ಠವಾದ ಎತ್ತಿಗೆ ಸವೆದ ಮೂಗುದಾರ ಹಾಕಿದಂತಾಗುತ್ತದೆ.

ಚಕ್ರಗಳ ಕೋನವೂ ಬದಲಾಗುತ್ತದೆ. ಕಾರು ತಗ್ಗಿದಾಗ ಚಕ್ರವನ್ನು ಹಿಡಿದಿರುವ ತೋಳುಗಳ ವಾಲಿಕೆ ಬೇರೆಯಾಗಿ, ಚಕ್ರಗಳು ಮುಂದಕ್ಕೆ ನೇರವಾಗಿ ನೋಡದೆ ಸ್ವಲ್ಪ ಓರೆಯಾಗುತ್ತವೆ, ಮೇಲ್ತುದಿ ಒಳಕ್ಕೆ ಬಾಗುತ್ತದೆ. ಮತ್ತೆ ಅಲೈನ್‌ಮೆಂಟ್ ಮಾಡಿಸದಿದ್ದರೆ ಟಯರಿನ ಒಳ ಅಂಚು ಮಾತ್ರ ವೇಗವಾಗಿ ಸವೆಯುತ್ತದೆ. ನಿಂತು ನೋಡುವವನಿಗೆ ಟಯರಿನ ಹೊರ ಅಂಚು ಹೊಸದರಂತೆ ಕಾಣುತ್ತದೆ. ಒಳಗಡೆ, ಯಾರೂ ಬಗ್ಗಿ ನೋಡದ ಕಡೆ, ರಬ್ಬರು ಸವೆದು ತಂತಿ ಹೊರಬಿದ್ದಿರುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಅನೇಕ ಕಾರುಗಳ ಮುಂಭಾಗದಲ್ಲಿ ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ರಚನೆಯಿರುತ್ತದೆ, 86ರಲ್ಲಿಯೂ ಇರುವುದು ಅದೇ. ಈ ರಚನೆಯಲ್ಲಿ ಕಾರು ಯಾವ ಬಿಂದುವಿನ ಸುತ್ತ ಪಕ್ಕಕ್ಕೆ ವಾಲುತ್ತದೆಯೋ ಆ ಬಿಂದು, ಕಾರು ತಗ್ಗಿದ್ದಕ್ಕಿಂತಲೂ ಹೆಚ್ಚಾಗಿ ಕೆಳಗಿಳಿಯುತ್ತದೆ. ಅಂದರೆ ಕಾರನ್ನು ವಾಲಿಸುವ ಸನ್ನೆಯ ಉದ್ದ ಕಡಿಮೆಯಾಗುವುದರ ಬದಲು ಹೆಚ್ಚುತ್ತದೆ. ಸ್ಪ್ರಿಂಗ್ ಬಿಗಿಯಾಗಿರುವ ಕಾರಣ ಈ ವಾಲುವಿಕೆ ಕಣ್ಣಿಗೆ ಬೀಳುವುದಿಲ್ಲ. ದೋಷ ಅಲ್ಲೇ ಇದೆ, ಬಿಗಿತವು ಅದನ್ನು ಮುಚ್ಚಿಟ್ಟಿದೆ. ಮನುಷ್ಯರಲ್ಲಿಯೂ ಎಷ್ಟೋ ಸಲ ಹೀಗೆಯೇ ಆಗುತ್ತದೆ. ನಾವು ದೃಢತೆ ಎಂದು ಭಾವಿಸುವುದು ಕೇವಲ ಬಿಗಿತವಾಗಿರುತ್ತದೆ.

ಇದರಿಂದ ತಿಳಿಯುವ ಪಾಠ ಕಾರಿಗೆ ಮಾತ್ರ ಸೀಮಿತವಲ್ಲ. ಒಂದನ್ನು ಬದಲಿಸಿದವನು ಅದರೊಂದಿಗೆ ಹತ್ತನ್ನು ಬದಲಿಸಿರುತ್ತಾನೆ. ಒಂಬತ್ತರ ಕಡೆಗೆ ಕಣ್ಣು ಮುಚ್ಚಿ ಒಂದರ ಸಂತೋಷವನ್ನು ಅನುಭವಿಸಲು ಹೊರಡುವುದೇ ಬೇಜವಾಬ್ದಾರಿ. ಯಾವುದೇ ಕ್ರಿಯೆಯ ಒಳಿತು-ಕೆಡುಕನ್ನು ಆ ಕ್ರಿಯೆಯಲ್ಲಿ ಮಾತ್ರ ಹುಡುಕಬಾರದು. ಅದು ಎಬ್ಬಿಸಿದ ಪರಿಣಾಮಗಳನ್ನು ಕರ್ತೃವು ಕೊನೆಯವರೆಗೆ ಹೊತ್ತನೋ ಇಲ್ಲವೋ ಎಂಬುದನ್ನೂ ನೋಡಬೇಕು.

ಬೆಲೆ ತೆರುವವರು ಯಾರು?

"ನನ್ನ ಕಾರು, ನನ್ನ ಹಣ, ಹಾಳಾದರೆ ನನಗೇ ನಷ್ಟ" ಎಂದು ಯುವಕನು ಉತ್ತರಿಸುತ್ತಾನೆ. ನಷ್ಟವೆಲ್ಲವೂ ಅವನದೇ ಆಗಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ. ಆದರೆ ವಸ್ತುಸ್ಥಿತಿ ಹಾಗಿದೆಯೇ?

ಮೊದಲು ಗ್ಯಾರೇಜಿನ ಹುಡುಗನನ್ನು ನೋಡಿ. ಹಳೆಯ ಸ್ಪ್ರಿಂಗನ್ನು ಕಳಚಲು ಅದನ್ನು ಬಿಗಿದು ಕುಗ್ಗಿಸಬೇಕು. ಒಂದು ಸಾಮಾನ್ಯ ಸ್ಪ್ರಿಂಗನ್ನು 12 ಸೆಂಟಿಮೀಟರ್ ಕುಗ್ಗಿಸಿದಾಗ ಅದರೊಳಗೆ ಸೇರಿಕೊಳ್ಳುವ ಶಕ್ತಿ, 18 ಕಿಲೋಗ್ರಾಂ ತೂಕದ ಕಲ್ಲು ಒಂದು ಮೀಟರ್ ಎತ್ತರದಿಂದ ಬಿದ್ದಾಗ ಬರುವ ಶಕ್ತಿಗೆ ಸಮಾನ. ಬಿಗಿಯುವ ಸಾಧನ ಸವೆದಿದ್ದು ಜಾರಿತೆಂದರೆ ಆ ಶಕ್ತಿ ಹುಡುಗನ ಕೈಗೋ ದವಡೆಗೋ ಬಂದು ಬಡಿಯುತ್ತದೆ. ಒಳ್ಳೆಯ ಕಾರ್ಯಾಗಾರದಲ್ಲಿ ಇದಕ್ಕೆ ಭದ್ರವಾದ ಯಂತ್ರವಿರುತ್ತದೆ. ಕಡಿಮೆ ಖರ್ಚಿನಲ್ಲಿ ಕೆಲಸ ಮುಗಿಸಬೇಕೆಂದು ಮಾಲಿಕನು ಬೀದಿಬದಿಯ ಗ್ಯಾರೇಜಿಗೆ ಹೋದರೆ ಉಳಿತಾಯ ಮಾಲಿಕನದು, ಅಪಾಯ ಹುಡುಗನದು.

ಇನ್ನೂ ಅಗ್ಗದ ದಾರಿಗಳುಂಟು. ಹೊಸ ಸ್ಪ್ರಿಂಗ್ ಕೊಳ್ಳದೆ ಹಳೆಯದರ ಒಂದೆರಡು ಸುತ್ತುಗಳನ್ನು ಕತ್ತರಿಸಿಬಿಡುವುದು, ಇಲ್ಲವೇ ಗ್ಯಾಸ್ ಬೆಂಕಿಯಿಂದ ಕಾಯಿಸಿ ಕುಸಿಯುವಂತೆ ಮಾಡುವುದು. ಉಕ್ಕಿಗೆ ಹದ ಹಾಕಿ ಸ್ಪ್ರಿಂಗ್ ಮಾಡಿರುತ್ತಾರೆ. ಬೆಂಕಿ ಆ ಹದವನ್ನು ಕೆಡಿಸುತ್ತದೆ, ಮುಂದೊಂದು ದಿನ ಅದು ಇನ್ನಷ್ಟು ಕುಸಿಯಬಹುದು ಅಥವಾ ಮುರಿಯಬಹುದು. ಕತ್ತರಿಸಿದ ಸ್ಪ್ರಿಂಗ್, ಚಕ್ರ ಕೆಳಗೆ ಜೋತುಬಿದ್ದಾಗ ತನ್ನ ಪೀಠದಿಂದ ಸಡಿಲವಾಗಿ ಜಾರಿಹೋಗಬಹುದು. ಲೆಕ್ಕಹಾಕಿ ತಯಾರಿಸಿದ ಸ್ಪ್ರಿಂಗಿಗೂ ಈ ಕೆಲಸಕ್ಕೂ ಹೊರಗಿನಿಂದ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಎರಡೂ ಕಾರುಗಳು ಒಂದೇ ಎತ್ತರದಲ್ಲಿ ನಿಂತಿರುತ್ತವೆ. ಕೇವಲ ತೋರಿಕೆಯನ್ನೇ ಬಯಸುವವನಿಗೆ ಇವೆರಡರಲ್ಲಿ ಅಗ್ಗವಾದುದನ್ನು ಆರಿಸದಿರಲು ಕಾರಣವೇ ಉಳಿಯುವುದಿಲ್ಲ. ತೋರಿಕೆಯ ಅಪಾಯ ಇರುವುದೇ ಇಲ್ಲಿ.

ಅನಂತರ ಎದುರಿನಿಂದ ಬರುವವನು. ಕಾರಿನ ಹಿಂಭಾಗ ಮುಂಭಾಗಕ್ಕಿಂತ ಕೇವಲ 5 ಮಿಲಿಮೀಟರ್ ಹೆಚ್ಚು ತಗ್ಗಿತೆಂದುಕೊಳ್ಳಿ. ಸುಮಾರು ಎರಡೂವರೆ ಮೀಟರ್ ಉದ್ದದ ಗಾಲಿಯಂತರದ ಕಾರಿನಲ್ಲಿ ಹೆಡ್‌ಲೈಟಿನ ಬೆಳಕು 50 ಮೀಟರ್ ದೂರದಲ್ಲಿ ಸುಮಾರು 10 ಸೆಂಟಿಮೀಟರ್ ಮೇಲೇರುತ್ತದೆ. ವ್ಯತ್ಯಾಸ 15 ಮಿಲಿಮೀಟರ್ ಆದರೆ 30 ಸೆಂಟಿಮೀಟರ್. ಆ ಬೆಳಕು ಎದುರಿನ ಬೈಕ್ ಸವಾರನ ಕಣ್ಣಿಗೆ ಬಡಿಯುತ್ತದೆ. ಅವನಿಗೆ ಈ ಕಾರಿನ ಅಂದದಿಂದ ಯಾವ ಪ್ರಯೋಜನವೂ ಇಲ್ಲ. ಅವನ ಒಪ್ಪಿಗೆಯನ್ನು ಯಾರೂ ಕೇಳಿರುವುದೂ ಇಲ್ಲ.

ಕಾರಿನೊಳಗೆ ಕುಳಿತವರೂ ಇದ್ದಾರೆ. ಬಿಗಿಯಾದ ಸ್ಪ್ರಿಂಗಿನ ಪ್ರತಿಯೊಂದು ಕುಲುಕಾಟವೂ ಬೆನ್ನುನೋವಿರುವ ತಾಯಿಗೆ, ಗರ್ಭಿಣಿಯಾದ ಪತ್ನಿಗೆ ತಗಲುತ್ತದೆ. ತಗ್ಗಿದ ಆಸನದಿಂದ ಮೊಣಕಾಲು ನೋವಿನ ತಂದೆ ಏಳಲು ಕಷ್ಟಪಡುತ್ತಾರೆ. "ಪರವಾಗಿಲ್ಲ ಮಗನೇ" ಎಂದು ಅವರು ಹೇಳುವುದು ಸಹಜ. ಹಾಗೆ ಹೇಳುವವರ ಸಂಕಟವನ್ನು ಅವರು ಹೇಳುವ ಮೊದಲೇ ತಿಳಿದುಕೊಳ್ಳುವುದು ಮಗನ ಕರ್ತವ್ಯ.

ಕೊನೆಯದಾಗಿ, ಆ ಕಾರನ್ನು ಮುಂದೆ ಕೊಳ್ಳುವವನು. ಕಾರು ಮಾರುವ ಮುನ್ನ ಹಳೆಯ ಸ್ಪ್ರಿಂಗ್‌ಗಳನ್ನು ಮತ್ತೆ ಜೋಡಿಸಿ, ಏನೂ ನಡೆದಿಲ್ಲವೆಂಬಂತೆ ಮಾರುವವರಿದ್ದಾರೆ. ವರ್ಷಗಟ್ಟಲೆ ಗಿಡ್ಡ ಸ್ಪ್ರಿಂಗಿನ ಮೇಲೆ ಬಡಿಸಿಕೊಂಡ ಶಾಕ್ ಅಬ್ಸಾರ್ಬರ್ ಮತ್ತು ಜೋಡಣೆಗಳು ಮಾತ್ರ ಹಾಗೆಯೇ ಉಳಿದಿರುತ್ತವೆ. ಇದು ಕೆಳಗಡೆ ಒದ್ದೆ ಧಾನ್ಯ, ಮೇಲುಗಡೆ ಒಣ ಧಾನ್ಯ ಇಟ್ಟು ಮಾರುವ ವ್ಯಾಪಾರಕ್ಕಿಂತ ಯಾವ ವಿಧದಲ್ಲಿ ಭಿನ್ನ? ವಿಮಾ ಕಂಪೆನಿಗೆ ಬದಲಾವಣೆಯನ್ನು ತಿಳಿಸದೆ ಪಾಲಿಸಿ ನವೀಕರಿಸುವವನ ಸ್ಥಿತಿಯೂ ಹೀಗೆಯೇ. ತಾನು ಮಾಡಿದ್ದು ಸರಿ ಎಂಬ ನಂಬಿಕೆಯಿದ್ದರೆ ಅದನ್ನು ಮುಚ್ಚಿಡುವ ಅಗತ್ಯವೇನಿತ್ತು? ಕೃತ್ಯವೊಂದರ ಪರೀಕ್ಷೆಗೆ ಇದಕ್ಕಿಂತ ಸರಳವಾದ ಒರೆಗಲ್ಲು ಬೇರೆ ಬೇಡ.

ಕಾನೂನುಗಳು ಹಿಡಿದ ದಾರಿ

ಈ ವಿಷಯದಲ್ಲಿ ಬೇರೆ ಬೇರೆ ದೇಶಗಳು ಬೇರೆ ಬೇರೆ ದಾರಿ ಹಿಡಿದಿವೆ. ಅವುಗಳನ್ನು ಹೋಲಿಸಿ ನೋಡಿದರೆ ನಮ್ಮ ವಿಚಾರ ಇನ್ನಷ್ಟು ಸ್ಪಷ್ಟವಾಗುತ್ತದೆ.

ಜರ್ಮನಿಯಲ್ಲಿ ಕಾರನ್ನು ತಗ್ಗಿಸುವುದಕ್ಕೆ ನಿಷೇಧವಿಲ್ಲ. ಆದರೆ ಅಪಾಯ ತರಬಹುದಾದ ಬದಲಾವಣೆ ಮಾಡಿದಾಗ ಕಾರಿನ ಓಡಾಟದ ಅನುಮತಿಯೇ ರದ್ದಾಗಬಹುದು. ಆದುದರಿಂದ ಸ್ಪ್ರಿಂಗಿನ ಜೊತೆಗೆ ತಜ್ಞರ ಪರೀಕ್ಷಾ ಪ್ರಮಾಣಪತ್ರವಿರಬೇಕು ಮತ್ತು ಜೋಡಿಸಿದ ಬಳಿಕ ಟಿ.ಯು.ವಿ. ಮೊದಲಾದ ಮಾನ್ಯತೆ ಪಡೆದ ಸಂಸ್ಥೆಯ ಪರಿಶೀಲಕನು ಕಾರನ್ನು ನೋಡಿ ಒಪ್ಪಬೇಕು. ಅಲ್ಲಿನ ಕಾನೂನು ಯುವಕನಿಗೆ ಹೇಳುವುದು ಇಷ್ಟೇ: ನಿನ್ನ ಆಸೆ ತಪ್ಪಲ್ಲ, ಆದರೆ ಅದನ್ನು ಪರೀಕ್ಷೆಗೆ ಒಡ್ಡು. ಜಪಾನಿನಲ್ಲಿ ಕಾರು ಎಷ್ಟೇ ತಗ್ಗಿದರೂ ಅದರ ತಳಕ್ಕೂ ನೆಲಕ್ಕೂ ನಡುವೆ 9 ಸೆಂಟಿಮೀಟರ್ ಅಂತರ ಉಳಿಯಬೇಕೆಂಬ ಮಿತಿಯಿದೆ.

ಅಮೆರಿಕದ ಕ್ಯಾಲಿಫೋರ್ನಿಯಾದ ಕತೆ ಬೇರೆ. ಅಲ್ಲಿ ಮೆಕ್ಸಿಕನ್ ಮೂಲದ ಯುವಕರು ಹಳೆಯ ಕಾರುಗಳನ್ನು ತಗ್ಗಿಸಿ, ಬಣ್ಣ ಬಳಿದು, ಬೀದಿಗಳಲ್ಲಿ ಮೆಲ್ಲಗೆ ಓಡಿಸುತ್ತಿದ್ದರು. ಕಾರಿನ ಯಾವುದೇ ಭಾಗ ಚಕ್ರದ ರಿಮ್ಮಿನ ಕೆಳ ಅಂಚಿಗಿಂತ ಕೆಳಗಿರಬಾರದು ಎಂಬ ಕಾನೂನು 1958ರಲ್ಲಿ ಜಾರಿಗೆ ಬಂತು. ಮರುವರ್ಷ ರಾನ್ ಅಗೀರೆ ಎಂಬಾತನು ತನ್ನ ಕಾರ್ವೆಟ್ ಕಾರಿಗೆ ಹೈಡ್ರಾಲಿಕ್ ಪಂಪ್ ಜೋಡಿಸಿ, ಬೇಕಾದಾಗ ಏರಿಸಲು, ಬೇಕಾದಾಗ ಇಳಿಸಲು ಬರುವಂತೆ ಮಾಡಿದನು. ಪೊಲೀಸರು ಕಂಡಾಗ ಕಾರು ಮೇಲೆ, ಅವರು ಮರೆಯಾದಾಗ ಕೆಳಗೆ! ಮುಂದೆ ಅನೇಕ ನಗರಗಳು ಇಂತಹ ಕಾರುಗಳ ಮೆರವಣಿಗೆಯನ್ನೇ ನಿಷೇಧಿಸಿದವು. ಈ ನಿರ್ಬಂಧಗಳು ರಸ್ತೆಯ ಸುರಕ್ಷೆಗಿಂತ ಹೆಚ್ಚಾಗಿ ಒಂದು ಜನಾಂಗವನ್ನು ಬೀದಿಯಿಂದ ದೂರವಿಡಲು ಬಳಕೆಯಾಗುತ್ತಿವೆ ಎಂದು ಆ ಸಮುದಾಯದವರು ದೂರುತ್ತಲೇ ಬಂದರು. ಕೊನೆಗೆ 2023ರಲ್ಲಿ ಅಂಗೀಕಾರವಾದ ಹೊಸ ಕಾನೂನು ಅವುಗಳನ್ನು ತೆಗೆದುಹಾಕಿತು, 2024ರ ಜನವರಿ 1ರಿಂದ ಅದು ಜಾರಿಗೆ ಬಂತು. ಇದರಿಂದ ನಾವು ಕಲಿಯಬೇಕಾದುದೇನೆಂದರೆ, ತಗ್ಗಿದ ಕಾರು ಕಂಡೊಡನೆ ಅದರ ಮಾಲಿಕನ ಶೀಲದ ಬಗ್ಗೆ ತೀರ್ಪು ಕೊಡಬಾರದು. ಕೆಲವರ ಪಾಲಿಗೆ ಅದು ತಮ್ಮನ್ನು ಕಡೆಗಣಿಸಿದ ಸಮಾಜದ ಮುಂದೆ ತಮ್ಮ ಕೈಚಳಕವನ್ನೂ ಘನತೆಯನ್ನೂ ತೋರುವ ದಾರಿಯಾಗಿತ್ತು.

ನಮ್ಮ ದೇಶದಲ್ಲಿ ಇಂತಹ ಕೂಪೆಗಳು ಅಪರೂಪ. ಆದರೆ ಸಾಧಾರಣ ಕಾರುಗಳನ್ನು ತಗ್ಗಿಸುವ ಖಯಾಲಿ ಇಲ್ಲಿಯೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ತಯಾರಕನು ಮೂಲತಃ ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ನೀಡಿದ ತೀರ್ಪಿನಲ್ಲಿ ಇದನ್ನು ಎತ್ತಿಹಿಡಿದಿದೆ. ನಮ್ಮ ರಸ್ತೆಗಳೂ ಇದಕ್ಕೆ ಒತ್ತುಕೊಡುತ್ತವೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಅಳತೆಯ ಪ್ರಕಾರ ವೇಗ ತಡೆಯುವ ಉಬ್ಬು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲವಿರಬೇಕು. ಅಷ್ಟು ಅಗಲದ, ನಯವಾದ ಉಬ್ಬನ್ನು ತಗ್ಗಿದ ಕಾರೂ ಮೆಲ್ಲನೆ ದಾಟಬಹುದು. ಆದರೆ ನಮ್ಮ ಊರುಗಳಲ್ಲಿರುವ ಎಷ್ಟೋ ಉಬ್ಬುಗಳು ಈ ಅಳತೆಯನ್ನು ಕಂಡವುಗಳಲ್ಲ. ಅಲ್ಲಿ ಕಾರಿನ ಹೊಟ್ಟೆ ತಗಲದಂತೆ ಮಾಲಿಕನು ರಸ್ತೆಗೆ ಅಡ್ಡಡ್ಡವಾಗಿ ಓರೆಯಾಗಿ ಹತ್ತಿಸುತ್ತಾನೆ, ಹಿಂದೆ ಬರುವವರು ಕಾಯುತ್ತಾರೆ.

ಉದ್ಯೋಗಕ್ಕಾಗಿ ಗಲ್ಫ್ ದೇಶಗಳಿಗೆ ಹೋಗಿರುವ ನಮ್ಮ ಕರಾವಳಿಯ ಯುವಕರಿಗೆ ಈ ಮಾತು ಇನ್ನೊಂದು ರೀತಿಯಲ್ಲಿ ಅನ್ವಯಿಸುತ್ತದೆ. ಅಲ್ಲಿ ರಸ್ತೆ ನುಣುಪಾಗಿದೆ, ಇಂತಹ ಕಾರುಗಳು ಕೈಗೆಟಕುತ್ತವೆ. ರಸ್ತೆ ನುಣುಪಾಗಿದೆ ಎಂಬುದು ಒಂದು ಆಕ್ಷೇಪವನ್ನು ಮಾತ್ರ ಕಡಿಮೆ ಮಾಡುತ್ತದೆ. ಅತಿಥಿಯಾಗಿರುವ ನಾಡಿನ ನಿಯಮವನ್ನು ಕೇಳಿ ತಿಳಿದು ಪಾಲಿಸುವ ಹೊಣೆಯನ್ನು ಅದು ಕಡಿಮೆ ಮಾಡುವುದಿಲ್ಲ.

ಅಂದ ಬೇರೆ, ಅಹಂಕಾರ ಬೇರೆ

ಇಷ್ಟೆಲ್ಲಾ ಹೇಳಿದ ಮೇಲೆ, ಅಂದವನ್ನು ಬಯಸುವುದೇ ತಪ್ಪೆಂದು ಯಾರೂ ಭಾವಿಸಬಾರದು. ಒಳ್ಳೆಯ ಉಡುಪು, ಒಳ್ಳೆಯ ಮನೆ, ಒಳ್ಳೆಯ ವಾಹನ ಇವುಗಳನ್ನು ಧರ್ಮ ನಿಷೇಧಿಸಿಲ್ಲ. ಅದು ನಿಷೇಧಿಸಿದುದು ಗರ್ವವನ್ನು, ದುಂದುಗಾರಿಕೆಯನ್ನು ಮತ್ತು ಪರರಿಗೆ ತೊಂದರೆ ಕೊಡುವುದನ್ನು. ಸೃಷ್ಟಿಯಲ್ಲಿ ಎಲ್ಲೆಡೆ ಸೌಂದರ್ಯವನ್ನು ಹರಡಿದವನು ಮನುಷ್ಯನ ಕಣ್ಣಿಗೆ ಅದನ್ನು ಸವಿಯುವ ಶಕ್ತಿಯನ್ನೂ ಕೊಟ್ಟಿದ್ದಾನೆ. ಒಂದು ಯಂತ್ರದ ರೇಖೆಗಳಲ್ಲಿ ಅಂದ ಕಂಡವನು ಅಪರಾಧಿಯಲ್ಲ. ತನ್ನ ಕೈಯಾರೆ ನಟ್ಟು ಬಿಚ್ಚಿ, ಅಳೆದು, ತೂಗಿ, ಯಂತ್ರದ ಮರ್ಮವನ್ನು ಅರಿಯಲು ಶ್ರಮಿಸುವವನಲ್ಲಿ ಗೌರವಕ್ಕೆ ಅರ್ಹವಾದ ಗುಣವೊಂದಿದೆ.

ಆದರೆ ಅಂದಕ್ಕೂ ಅಹಂಕಾರಕ್ಕೂ ನಡುವಣ ಗೆರೆ ಕಾರಿನ ಮೇಲೆ ಎಳೆದಿಲ್ಲ. ಅದು ಮಾಲಿಕನ ಮನಸ್ಸಿನೊಳಗಿದೆ. ಅದನ್ನು ಕಂಡುಹಿಡಿಯಲು ಒಂದು ಪ್ರಶ್ನೆ ಸಾಕು. ಯಾರೂ ನೋಡದ ಊರಿನಲ್ಲಿ ಇದ್ದಿದ್ದರೆ ಇದನ್ನು ಮಾಡಿಸುತ್ತಿದ್ದೆನೇ? ಹೌದೆಂದು ಪ್ರಾಮಾಣಿಕವಾಗಿ ಹೇಳುವವನು ಆ ಕಾರನ್ನು ನಿಜವಾಗಿ ಪ್ರೀತಿಸುತ್ತಾನೆ. ಇಲ್ಲವೆಂದು ಒಪ್ಪಿಕೊಳ್ಳುವವನು ಪ್ರೀತಿಸುವುದು ಕಾರನ್ನಲ್ಲ, ಇತರರ ಕಣ್ಣುಗಳನ್ನು. ಇತರರ ಕಣ್ಣುಗಳಿಗೆ ಗುಲಾಮನಾದವನಿಗೆ ತೃಪ್ತಿಯೆಂಬುದಿಲ್ಲ. ಇಂದು 30 ಮಿಲಿಮೀಟರ್ ತಗ್ಗಿಸಿದವನು ನಾಳೆ 50 ತಗ್ಗಿಸಿದ ಇನ್ನೊಬ್ಬನನ್ನು ಕಂಡಾಗ ತನ್ನ ಕಾರು ಎತ್ತರವಾಗಿದೆಯೆಂದು ಕೊರಗುತ್ತಾನೆ. ಕಾರು ಎಷ್ಟು ತಗ್ಗಿದರೂ ನೆಲವೆಂಬ ಮಿತಿಯಿದೆ. ಹೋಲಿಕೆಗೆ ಅಂತಹ ನೆಲವಿಲ್ಲ.

ತಗ್ಗುವುದು ಎಂಬ ಪದಕ್ಕೆ ನಮ್ಮ ಭಾಷೆಯಲ್ಲಿ ಒಳ್ಳೆಯ ಅರ್ಥವಿದೆ. ತಗ್ಗಿ ನಡೆಯುವವನನ್ನು ವಿನಯವಂತ ಎನ್ನುತ್ತೇವೆ. ಫಲ ತುಂಬಿದ ಕೊಂಬೆ ತಗ್ಗುತ್ತದೆ, ಏಕೆಂದರೆ ಅದರಲ್ಲಿ ಕೊಡಲು ಏನೋ ಇದೆ. ವಿಚಿತ್ರವೆಂದರೆ, ಇಲ್ಲಿ ಕಾರು ತಗ್ಗುತ್ತಾ ಹೋದಂತೆ ಅದರೊಳಗೆ ಕುಳಿತವನ ತಲೆ ಮೇಲೇರುತ್ತಾ ಹೋಗುವ ಸಂಭವವಿದೆ. ವಾಹನವನ್ನು ತಗ್ಗಿಸಲು ನಾಲ್ಕು ಸ್ಪ್ರಿಂಗ್ ಸಾಕು. ಮನಸ್ಸನ್ನು ತಗ್ಗಿಸುವ ಬಿಡಿಭಾಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಮಾಡಬೇಕಾದುದೇನು?

ಹಾಗಾದರೆ ಈ ಆಸೆಯುಳ್ಳ ಯುವಕನಿಗೆ ನಾವು ಏನು ಹೇಳಬೇಕು? ಅವನು ಇರುವ ನಾಡಿನ ಕಾನೂನು ಇದಕ್ಕೆ ಅವಕಾಶ ಕೊಡದಿದ್ದರೆ ಅಲ್ಲಿಗೇ ಬಿಡಲಿ. ರಸ್ತೆಯೆಂಬುದು ಎಲ್ಲರ ಸೊತ್ತು. ಅದರ ನಿಯಮವೆಂಬುದು ಅಪರಿಚಿತರು ಪರಸ್ಪರ ಮಾಡಿಕೊಂಡ ಒಪ್ಪಂದ. ಒಪ್ಪಂದ ಮುರಿಯುವವನು ಸರಕಾರಕ್ಕಿಂತ ಹೆಚ್ಚಾಗಿ ಆ ಅಪರಿಚಿತರಿಗೆ ದ್ರೋಹ ಬಗೆಯುತ್ತಾನೆ.

ಕಾನೂನು ಅವಕಾಶ ಕೊಡುವ ನಾಡಿನಲ್ಲಿ, ಮನೆಯವರ ಹಕ್ಕು ಮತ್ತು ಸಾಲದ ಹೊಣೆ ತೀರಿದ ಮೇಲೆ ಉಳಿದ ಹಣದಿಂದ ಮಾಡುವುದಾದರೆ, ಪೂರ್ತಿಯಾಗಿ ಮಾಡಲಿ. ಆ ಕಾರಿಗೆಂದೇ ಪರೀಕ್ಷಿಸಿ ತಯಾರಿಸಿದ ಸ್ಪ್ರಿಂಗನ್ನು ಕೊಳ್ಳಲಿ, ಅತಿಯಾಗಿ ತಗ್ಗಿಸದಿರಲಿ. ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರ್ ಹಾಕಿಸಲಿ. ಸರಿಯಾದ ಸಾಧನವಿರುವ ಕಾರ್ಯಾಗಾರದಲ್ಲಿ ಮಾಡಿಸಲಿ. ಚಕ್ರಗಳ ಅಲೈನ್‌ಮೆಂಟನ್ನೂ ಹೆಡ್‌ಲೈಟಿನ ದಿಕ್ಕನ್ನೂ ಮತ್ತೆ ಸರಿಪಡಿಸಲಿ. ಇತ್ತೀಚಿನ ಕಾರುಗಳಲ್ಲಿ ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆಗೆ ಕ್ಯಾಮೆರಾ, ರಾಡಾರ್‌ಗಳಿರುತ್ತವೆ, ಅವುಗಳ ದಿಕ್ಕನ್ನೂ ಪರೀಕ್ಷಿಸಲಿ. ವಿಮಾ ಕಂಪೆನಿಗೆ ತಿಳಿಸಲಿ, ಮುಂದೆ ಮಾರುವಾಗ ಕೊಳ್ಳುವವನಿಗೂ ಹೇಳಲಿ. ಈ ಪಟ್ಟಿಯನ್ನು ನೋಡಿ, ಇಷ್ಟೆಲ್ಲಾ ಖರ್ಚು ಮತ್ತು ತಾಪತ್ರಯ ಯಾರಿಗೆ ಬೇಕು ಎಂದು ಅವನಿಗನ್ನಿಸಿದರೆ, ತನ್ನ ಆಸೆಯ ನಿಜವಾದ ಬೆಲೆ ಅವನಿಗೆ ಈಗ ತಿಳಿಯಿತು ಎಂದರ್ಥ. ಈವರೆಗೆ ಅವನು ತಿಳಿದಿದ್ದುದು ನಾಲ್ಕು ಸ್ಪ್ರಿಂಗ್‌ಗಳ ಬೆಲೆಯನ್ನು ಮಾತ್ರ.

ತಂದೆ-ತಾಯಂದಿರಿಗೂ ಒಂದು ಮಾತು. ಮಗನು ಇಂತಹ ಆಸೆ ಹೇಳಿಕೊಂಡಾಗ ಗದರಿಸಿ ಬಾಯಿ ಮುಚ್ಚಿಸಬೇಡಿ. ಗದರಿಸಿದರೆ ಆಸೆ ಸಾಯುವುದಿಲ್ಲ, ಅದು ಬೀದಿಬದಿಯ ಗ್ಯಾರೇಜಿಗೆ ಹೋಗಿ ಅಗ್ಗವಾಗಿ ನೆರವೇರುತ್ತದೆ. ಅವನೊಡನೆ ಕುಳಿತು ಲೆಕ್ಕ ಹಾಕಿರಿ. ಚಕ್ರ ಮೇಲೇರಲು ಎಷ್ಟು ಜಾಗ ಉಳಿಯುತ್ತದೆ, ಬೆಳಕು ಯಾರ ಕಣ್ಣಿಗೆ ಬೀಳುತ್ತದೆ, ಹಿಂದಿನ ಸೀಟಿನಲ್ಲಿ ಯಾರು ಕೂರುತ್ತಾರೆ ಎಂದು ಕೇಳಿರಿ. ಉತ್ತರವನ್ನು ಅವನೇ ಹುಡುಕಲಿ. ತಾನಾಗಿ ಕಂಡುಕೊಂಡ ಮಿತಿಯನ್ನು ಯುವಕನು ಗೌರವಿಸುತ್ತಾನೆ. ಟಯರಿನ ಒಳ ಅಂಚನ್ನು ಬಗ್ಗಿ ನೋಡುವ ಅಭ್ಯಾಸ ಒಮ್ಮೆ ಅವನಿಗೆ ಬಂತೆಂದರೆ, ಅದು ಕಾರಿನ ವಿಷಯದಲ್ಲಿ ಮಾತ್ರ ನಿಲ್ಲುವುದಿಲ್ಲ.